ಒಂದೇ ಕೋವಿಯ ಬೇಟೆಗಾರ: ಕೆನೆತ್ ಆಂಡರ್ಸನ್

ಸೌಕಾರ್‌ಪೇಟೆಯಲ್ಲಿ ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ, ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ನಮ್ಮ ಹುಡುಗರು ಅಡುಗೆಮನೆಯ ಹಿಂದಿನ ಓಣಿಯಲ್ಲಿ ಕುಳಿತು ಕಾಡಿನ ಕಥೆಗಳನ್ನು ಓದುತ್ತಿದ್ದುದುಂಟು. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಆ ಪುಸ್ತಕಗಳಲ್ಲಿ ಎಣ್ಣೆಯ ಕಲೆಯಿಲ್ಲದ ಹಾಳೆಯೇ ಉಳಿದಿರಲಿಲ್ಲ. ಒಂದು ದಿನ ಒಬ್ಬ ಮಾಣಿಗೂ ಲೆಕ್ಕ ಬರೆಯುವ ಗುಮಾಸ್ತನಿಗೂ ವಾದ ಹತ್ತಿಕೊಂಡಿತು. ಜಿಂಕೆಗೊಂದು, ಕಡವೆಗೊಂದು, ಹುಲಿಗೊಂದು ಎಂದು ಆ ದೊರೆಯು ಬೇರೆಬೇರೆ ಕೋವಿಗಳನ್ನು ಇರಿಸಿಕೊಂಡಿದ್ದಿರಬೇಕೆಂದು ಮಾಣಿಯ ಮತ. ಎಲ್ಲಕ್ಕೂ ಒಂದೇ ಎಂದು ಗುಮಾಸ್ತನ ಹಟ. ವ್ಯಾಜ್ಯವು ಕೊನೆಗೆ ನಮ್ಮ ಗಲ್ಲಾಪೆಟ್ಟಿಗೆಯ ಮುಂದೆ ತೀರ್ಪಿಗೆ ಬಂದಿತು. ಅಂದು ನಮಗೆ ಉತ್ತರ ತಿಳಿದಿರಲಿಲ್ಲ. ಇಂದು ಆ ಸಾಲವನ್ನು ತೀರಿಸುತ್ತಿದ್ದೇವೆ.

ಕೆನೆತ್ ಆಂಡರ್ಸನ್ನರು 1910ನೆಯ ಇಸವಿ ಮಾರ್ಚ್ 8ರಂದು ಸಿಕಂದರಾಬಾದಿನ ಬಳಿಯ ಬೊಳಾರಂನಲ್ಲಿ ಜನಿಸಿದರು. ಮೂಲದಿಂದ ಸ್ಕಾಟ್ಲೆಂಡಿನ ಮನೆತನ. ಆದರೆ ಅನೇಕ ತಲೆಮಾರುಗಳಿಂದ ಭಾರತದಲ್ಲಿಯೇ ನೆಲಸಿದವರು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿಯೂ ಸಂತ ಜೋಸೆಫರ ಕಾಲೇಜಿನಲ್ಲಿಯೂ ಓದಿದರು. ಕಾನೂನು ಕಲಿತು ಬರಲೆಂದು ಎಡಿನ್‌ಬರೋಗೆ ಕಳುಹಿಸಿದರೆ, ಅದನ್ನು ಅರ್ಧಕ್ಕೆ ಬಿಟ್ಟು ಹಿಂದಿರುಗಿದರು. ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಸುಮಾರು 15 ವರ್ಷ ದುಡಿದು, ಆಮೇಲೆ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಯೋಜನಾ ವಿಭಾಗದ ಅಧಿಕಾರಿಯಾದರು. ಎಂದರೆ ಅವರು ರಾಜಮಹಾರಾಜರ ಶಿಕಾರಿಯವರಲ್ಲ. ತಿಂಗಳ ಸಂಬಳ ಎಣಿಸಿಕೊಂಡು, ರಜಾ ಅರ್ಜಿ ಬರೆದುಕೊಟ್ಟು ಕಾಡಿಗೆ ಹೊರಡುತ್ತಿದ್ದವರು. ನಮ್ಮ ವಾಚಕರಲ್ಲಿ ಅನೇಕರು ಈ ಒಂದು ಸಂಗತಿಯನ್ನು ಮೆಚ್ಚುವರೆಂದು ನಂಬಿದ್ದೇವೆ.

ಸಂಬಳದ ಮನುಷ್ಯನಿಗೆ ಕೋವಿಯ ಆಯ್ಕೆ ಸುಲಭದ ಮಾತಲ್ಲ. ಅಮೆರಿಕೆಯಲ್ಲಿಯೂ ಇದೇ ತೊಡಕು ಬಹುಕಾಲದಿಂದ ಇದೆ. ಅಲ್ಲಿನ ಜಿಂಕೆ ಸಾಮಾನ್ಯವಾಗಿ 100 ಕಿಲೋ ಮೀರದು. ಎಲ್ಕ್ ಎಂಬ ದೊಡ್ಡ ಮೃಗದ ಗಂಡಾದರೋ 300 ಕಿಲೋ ತೂಗುವುದು. ಒಂದೇ ರೈಫಲ್ಲಿನಿಂದ ಎರಡನ್ನೂ ಹೊಡೆಯಬೇಕಾದರೆ ಯಾವುದನ್ನು ಕೊಳ್ಳಬೇಕು? ನಮ್ಮ ಕಾಡುಗಳಲ್ಲಿ ಆ ಎರಡು ಸ್ಥಾನಗಳನ್ನು ಚುಕ್ಕಿ ಜಿಂಕೆಯೂ ಕಡವೆಯೂ ತುಂಬಿವೆ. ಸಿಂಹಳದಲ್ಲಿ ಬೇಟೆಯಾಡಿದ ಸ್ಯಾಮ್ಯುಯೆಲ್ ಬೇಕರನಂತಹ ಹಳೆಯ ಆಂಗ್ಲ ಬೇಟೆಗಾರರು ನಮ್ಮ ಕಡವೆಯನ್ನೇ ಎಲ್ಕ್ ಎಂದು ಕರೆದುಬಿಟ್ಟಿದ್ದರು.

ಹೋಟೆಲಿನವರಾದ ನಮಗೆ ಈ ಪ್ರಶ್ನೆಯು ಪಾತ್ರೆಯ ಪ್ರಶ್ನೆಯಂತೆಯೇ ತೋರುತ್ತದೆ. ನೂರು ಎಲೆಯ ಊಟಕ್ಕೆ ಕೊಂಡ ಹಂಡೆಯಲ್ಲಿ ಹತ್ತು ಜನರಿಗೂ ಅನ್ನ ಮಾಡಬಹುದು, ಸೌದೆ ಸ್ವಲ್ಪ ದಂಡವಾದೀತು, ಅಷ್ಟೆ. ಹತ್ತು ಜನರ ತಪ್ಪಲೆಯಲ್ಲಿ ನೂರು ಜನರಿಗೆ ಬೇಯಿಸಲಾಗದು. ಕೋವಿಯೂ ಹಾಗೆಯೇ. ಹಗುರವಾದ ಗುಂಡು ಜಿಂಕೆಯನ್ನು ಉರುಳಿಸೀತು; ಕಡವೆಯ ಭುಜದ ಮೂಳೆಯನ್ನು ದಾಟಲಾರದೆ ಅದನ್ನು ಗಾಯಗೊಳಿಸಿ ಬಿಟ್ಟರೆ, ಆ ಪ್ರಾಣಿಯು ದಿನಗಟ್ಟಲೆ ನರಳಿ ಪೊದೆಯಲ್ಲಿ ಸಾಯುವುದು. ಗಾಯಗೊಂಡದ್ದು ಹುಲಿಯಾದರೆ ನರಳುವ ಸರದಿ ಮನುಷ್ಯನದು.

ಆಂಡರ್ಸನ್ನರ ಕೈಯಲ್ಲಿದ್ದುದು ಅಮೆರಿಕೆಯ ವಿಂಚೆಸ್ಟರ್ ಕಂಪನಿಯ 1895ನೆಯ ಮಾದರಿಯ ರೈಫಲ್ಲು. ತೋಟಾ ಪಾಯಿಂಟ್ 405. ಜಾನ್ ಬ್ರೌನಿಂಗ್ ಎಂಬ ಪ್ರಸಿದ್ಧ ಕುಶಲಿಯು ರಚಿಸಿದ ಕೋವಿ ಅದು. ಆ ತೋಟಾ 1904ರಲ್ಲಿ ಹೊರಬಂದಿತು. ಗುಂಡಿನ ತೂಕ 300 ಗ್ರೇನ್, ಅಂದರೆ ಸುಮಾರು 19 ಗ್ರಾಂ. ನಳಿಗೆಯಿಂದ ಹೊರಡುವ ವೇಗ ಸೆಕೆಂಡಿಗೆ ಸುಮಾರು 2,200 ಅಡಿ. ಅಮೆರಿಕೆಯ ಅಧ್ಯಕ್ಷರಾಗಿದ್ದ ಥಿಯೋಡೋರ್ ರೂಸ್‌ವೆಲ್ಟರು 1909ರಲ್ಲಿ ಆಫ್ರಿಕಕ್ಕೆ ಇದೇ ಬಗೆಯ ಕೋವಿಯನ್ನು ಒಯ್ದು ಸಿಂಹಗಳನ್ನು ಹೊಡೆದ ಮೇಲೆ ಇದರ ಹೆಸರು ಲೋಕವೆಲ್ಲ ಹಬ್ಬಿತು.

ಇದರ ಗುಣಗಳನ್ನು ನಮ್ಮ ಕಾಡಿನ ಪಕ್ಕದಲ್ಲಿ ಇಟ್ಟು ನೋಡಿದರೆ ಆಯ್ಕೆಯ ಮರ್ಮ ತಿಳಿಯುತ್ತದೆ. ಕಾವೇರಿ ಕಣಿವೆಯ ಬಿದಿರುಮೆಳೆಗಳಲ್ಲಿ, ಡೆಂಕಣಿಕೋಟೆ ಸೀಮೆಯ ಲಂಟಾನ ಪೊದೆಗಳಲ್ಲಿ ಪ್ರಾಣಿಯು ಕಣ್ಣಿಗೆ ಬೀಳುವುದು ಬಹುಶಃ ಮೂವತ್ತು, ನಲವತ್ತು ಗಜದೊಳಗೆ. ಅಲ್ಲಿ ಭಾರವಾದ ದಪ್ಪ ಗುಂಡೇ ಕಾಪಾಡತಕ್ಕದ್ದು. ಬಯಲಿನಲ್ಲಿ ದೂರ ನಿಂತ ಜಿಂಕೆಯ ಮಟ್ಟಿಗೆ ಇದು ಒಳ್ಳೆಯ ಕೋವಿಯಲ್ಲವೆಂಬುದನ್ನು ನಾವು ಮುಚ್ಚಿಡುವುದಿಲ್ಲ. 200 ಗಜ ದಾಟುವಷ್ಟರಲ್ಲಿ ಗುಂಡು ಬಹಳ ಕೆಳಗಿಳಿಯುತ್ತದೆ. ಭುಜಕ್ಕೆ ಕೊಡುವ ಒದೆತವೂ ಕ್ರೂರವಾದುದೇ. ಆನೆಯ ತಲೆಗೆ ಇದು ಸಾಲದೆಂದು ಬಲ್ಲವರು ಹೇಳುತ್ತಾರೆ. ಆದರೆ ಕೆಳಗಿನ ಸನ್ನೆಯನ್ನು ಒಮ್ಮೆ ಮುಂದಕ್ಕೆ ತಳ್ಳಿ ಎಳೆದರೆ ಖಾಲಿ ತೋಟಾ ಹಾರಿ ಹೊಸದು ಏರಿ ಕೂರುವುದು. ಎರಡು ನಳಿಗೆಯ ಬೆಲೆಬಾಳುವ ಇಂಗ್ಲಿಷ್ ಕೋವಿಯಲ್ಲಿ ಎರಡೇ ಈಡು, ಇದರಲ್ಲಿ ಸಾಲಾಗಿ ನಾಲ್ಕು. ಇದಲ್ಲದೆ ಸರಕಾರದ ಕಟ್ಟಳೆಯೂ ಒಂದಿತ್ತು. ದಂಗೆಕೋರರ ಕೈಗೆ ತೋಟಾ ಸೇರಬಾರದೆಂದು ಬ್ರಿಟಿಷರು 1907ರಲ್ಲಿ ಪಾಯಿಂಟ್ 450ರ ಅಳತೆಯನ್ನು ಭಾರತದಲ್ಲಿ ನಿಷೇಧಿಸಿದ್ದರು. 405ಕ್ಕೆ ಆ ಅಡ್ಡಿಯಿರಲಿಲ್ಲ.

ಈ ಒಂದು ಕೋವಿಯನ್ನು ನೆಚ್ಚಿ ಅವರು ನರಭಕ್ಷಕಗಳ ಬೆನ್ನು ಹತ್ತಿದರು. ಹನ್ನೆರಡು ಬೋರಿನ ತೋಟಾಕೋವಿಯೊಂದು ಕೆಲವೊಮ್ಮೆ ಜೊತೆಗಿರುತ್ತಿದ್ದುದು ನಿಜ; ಪ್ರಾಣ ಒಪ್ಪಿಸಿದ್ದು ವಿಂಚೆಸ್ಟರಿಗೆ. ಜೌಳಗಿರಿಯ ಹೆಣ್ಣುಹುಲಿ, ಗುಮ್ಮಳಾಪುರದ ಚಿರತೆ, ಎಮ್ಮೆದೊಡ್ಡಿಯ ಹುಲಿ, ಹೊಸದುರ್ಗ-ಹೊಳಲ್ಕೆರೆಯ ಹುಲಿ ಎಂದು ಸಾಲು ಬೆಳೆಯುತ್ತದೆ. ಇವೆಲ್ಲವೂ ಕನ್ನಡ ಕೇಳಿಬರುವ ಊರುಗಳು. ಗುಮ್ಮಳಾಪುರದ ಚಿರತೆಯೊಂದೇ 42 ಮಂದಿಯನ್ನು ಕೊಂದಿತ್ತೆಂದು ಅವರು ಬರೆದಿದ್ದಾರೆ. ಹೊತ್ತು ಮುಳುಗುವ ಮೊದಲೇ ಕದವಿಕ್ಕಿ, ಬಹಿರ್ದೆಸೆಗೂ ಹೊರಗೆ ಹೋಗಲಾರದೆ ಮಕ್ಕಳನ್ನು ಅಪ್ಪಿಕೊಂಡು ಕುಳಿತ ಆ ಹಳ್ಳಿಗರಿಗೆ, ಬೆಂಗಳೂರಿನಿಂದ ರಜೆ ಹಾಕಿ ಬಂದ ಒಬ್ಬ ನೌಕರನ ಕೋವಿ ಸಿಡಿಯುವುದೋ ಇಲ್ಲವೋ ಎಂಬುದೇ ಬದುಕಿನ ಮಾತಾಗಿತ್ತು.

ಅರಸೀಕೆರೆಯ ಕಡೆಯ ಕರಡಿಯ ಸಂಗತಿಯಂತೂ ಕೇಳತಕ್ಕದ್ದು. ಕರಡಿ ಮನುಷ್ಯರನ್ನು ತಿನ್ನುವುದು ಅಪರೂಪ. ಈ ಕರಡಿಯಾದರೋ ಕಂಡವರ ಮೇಲೆಲ್ಲ ಬಿದ್ದು ಮುಖವನ್ನು ಸಿಗಿಯುತ್ತಿತ್ತು. ಆಂಡರ್ಸನ್ನರ ಲೆಕ್ಕದಂತೆ ಸತ್ತವರು ಹನ್ನೆರಡು ಜನ, ಕಣ್ಣು ಮೂಗು ಕಳೆದುಕೊಂಡು ಉಳಿದವರು ಇನ್ನೆಷ್ಟೋ. ದರ್ಗಾವೊಂದನ್ನು ನೋಡಿಕೊಳ್ಳುತ್ತಿದ್ದ ಆಲಂ ಬಕ್ಷ್ ಎಂಬ ವೃದ್ಧರು ಅವರ ಸ್ನೇಹಿತರು. ಆ ವೃದ್ಧರ ಮಗನೇ ಕರಡಿಗೆ ಬಲಿಯಾದಾಗ ಆಂಡರ್ಸನ್ನರು ಹೊರಟುಬಂದು, ಗುಡ್ಡದ ಬುಡದಲ್ಲಿ ಅಲೆದು, ಕಡೆಗೆ ಅದನ್ನು ಹೊಡೆದರು.

ಬೈರ ಎಂಬ ಪೂಜಾರಿ ಜಾತಿಯ ಕಾಡಿನ ಮನುಷ್ಯನೊಡನೆ ಅವರಿಗಿದ್ದ ಗೆಳೆತನವನ್ನು ಹೇಳದಿದ್ದರೆ ಈ ಚರಿತ್ರೆ ಅಪೂರ್ಣ. ಚಿನ್ನಾರ್ ಹೊಳೆಯ ದಂಡೆಯಲ್ಲಿ ಬಿಲ ತೋಡಿಕೊಂಡು ಸಂಸಾರ ಮಾಡುತ್ತಿದ್ದವನು ಬೈರ. ಹಳೆಯ ನಾಡಕೋವಿಯಿಂದ ಕಳ್ಳಬೇಟೆಯಾಡಿ ಹೊಟ್ಟೆ ಹೊರೆಯುತ್ತಿದ್ದನು. ಅವನನ್ನು ಹಿಡಿದುಕೊಡುವ ಬದಲು ಆಂಡರ್ಸನ್ನರು ಗುರುವೆಂದು ಭಾವಿಸಿದರು. ಹೆಜ್ಜೆಯ ಗುರುತು, ಗಾಳಿಯ ದಿಕ್ಕು, ಕಡವೆಯ ಎಚ್ಚರಿಕೆಯ ಕೂಗು ಇವುಗಳನ್ನೆಲ್ಲ ಅವನಿಂದ ಕಲಿತರು. ಒಳ್ಳೆಯ ಕೋವಿಯ ಯಜಮಾನನು ಕೆಟ್ಟ ಕೋವಿಯವನ ಹಿಂದೆ ನಡೆದುದು ನಮಗೆ ಆ ಪುಸ್ತಕಗಳಲ್ಲಿ ಅತ್ಯಂತ ಪ್ರಿಯವಾದ ಭಾಗ.

1939ರಿಂದ 1966ರ ವರೆಗೆ ಅವರು ಕೊಂದ ನರಭಕ್ಷಕಗಳೆಂದು ಸರಕಾರಿ ದಾಖಲೆಯಲ್ಲಿರುವುದು 8 ಚಿರತೆ, 7 ಹುಲಿ. ಜನರ ಬಾಯಿಯಲ್ಲಿ ಸಂಖ್ಯೆ ಇಮ್ಮಡಿಯಾಗಿದೆ. ಕಥೆಗಳಲ್ಲಿ ಬಣ್ಣ ಹೆಚ್ಚೆಂದು ಆಕ್ಷೇಪಿಸುವವರೂ ಉಂಟು. ಬಣ್ಣ ಸ್ವಲ್ಪ ಇದ್ದೀತು. ಆದರೆ ತನ್ನ ಭಯವನ್ನೂ ತಪ್ಪಿದ ಗುಂಡುಗಳನ್ನೂ ಇಷ್ಟು ಧಾರಾಳವಾಗಿ ಬರೆದುಕೊಂಡವರನ್ನು ಬಡಾಯಿಗಾರರೆಂದು ಕರೆಯಲು ನಮ್ಮ ಮನಸ್ಸು ಒಪ್ಪುವುದಿಲ್ಲ.

ಮೊದಲ ಪುಸ್ತಕ 1954ರಲ್ಲಿ ಹೊರಬಂದಾಗ ಅವರಿಗೆ 44 ವರ್ಷ. ಆಮೇಲೆ ಒಂದರ ಹಿಂದೊಂದು ಬಂದವು. ವಯಸ್ಸು ಕಳೆದಂತೆ, ಮನುಷ್ಯರಿಗೆ ಕೇಡು ಮಾಡದ ಪ್ರಾಣಿಯನ್ನು ಕೊಲ್ಲುವುದರಲ್ಲಿ ಅವರಿಗೆ ರುಚಿ ಹೋಯಿತು. ಕೈಯಲ್ಲಿ ಕ್ಯಾಮರಾ ಬಂದಿತು. ಜಿಂಕೆಗೂ ಕಡವೆಗೂ ಹೊಂದುವ ಕೋವಿಯಿದ್ದವರು ಅವೆರಡನ್ನೂ ಸುಮ್ಮನೆ ನೋಡುತ್ತ ನಿಲ್ಲುವವರಾದರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದು ದೇಶದಲ್ಲಿ ಶಿಕಾರಿಯ ಯುಗವೇ ಮುಗಿಯುತ್ತ ಬಂದಿತು. ಎರಡು ವರ್ಷಗಳ ತರುವಾಯ, 1974ರ ಆಗಸ್ಟ್ 30ರಂದು, ಅರ್ಬುದ ರೋಗದಿಂದ ಆಂಡರ್ಸನ್ನರು ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಕೊನೆಯ ಪುಸ್ತಕವು 1976ರಲ್ಲಿ ಅಚ್ಚಾಯಿತು.

ಊರಿಗೆ ಹೋಗುವ ನಮ್ಮ ವಾಚಕರು ಬೆಂಗಳೂರಿನ ರೈಲು ಜೋಲಾರಪೇಟೆಯಲ್ಲಿ ನಿಂತಾಗ ಕಿಟಕಿಯಿಂದ ನೋಡಿದರೆ ಯಲಗಿರಿ ಬೆಟ್ಟ ಕಾಣುವುದು. ಅಲ್ಲಿನ ನರಭಕ್ಷಕ ಚಿರತೆಯ ಕಥೆಯನ್ನೂ ಅವರು ಬರೆದಿದ್ದಾರೆ. ವ್ಯಾಜ್ಯ ತಂದ ಮಾಣಿಯು ಈಗ ಬೇರೊಂದು ಹೋಟೆಲಿನಲ್ಲಿ ಇದ್ದಾನೆ. ಪತ್ರಿಕೆ ಅವನ ಕೈ ಸೇರಿದರೆ, ಗುಮಾಸ್ತನು ಗೆದ್ದನೆಂದು ತಿಳಿಯಲಿ.