ರಕ್ತನಿಧಿಯ ಚಾರ್ಲ್ಸ್ ಡ್ರೂ
ಚಾರ್ಲ್ಸ್ ಡ್ರೂ 1904ರಲ್ಲಿ ವಾಷಿಂಗ್ಟನ್ ನಗರದ ಕಪ್ಪು ಜನರ ಮನೆತನವೊಂದರಲ್ಲಿ ಜನಿಸಿದರು. ಕೆನಡಾದ ಮೆಕ್‌ಗಿಲ್‌ನಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿ, 1940ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ರಕ್ತಸಂಗ್ರಹವನ್ನು ಕುರಿತು ಮಹಾಪ್ರಬಂಧವನ್ನರ್ಪಿಸಿದರು.

ಶೈತ್ಯದಲ್ಲಿಟ್ಟರೂ ರಕ್ತಕಣಗಳು ಕೆಲವೇ ದಿನಗಳಲ್ಲಿ ಒಡೆಯತೊಡಗುತ್ತವೆ. ಕಣಗಳಿಂದ ಬೇರ್ಪಡಿಸಿದ ಪ್ಲಾಸ್ಮಾವಾದರೋ ಬಹುಕಾಲ ಬಾಳುತ್ತದೆ. ಇದನ್ನೇ ನೆಚ್ಚಿ, ಅದೇ ವರ್ಷ ನ್ಯೂಯಾರ್ಕಿನಿಂದ ಯುದ್ಧಪೀಡಿತ ಬ್ರಿಟನ್ನಿಗೆ ಪ್ಲಾಸ್ಮಾ ಕಳುಹಿಸುವ ಹೊಣೆಯನ್ನು ಅವರು ಹೊತ್ತರು. 1941ರಲ್ಲಿ ರೆಡ್‌ಕ್ರಾಸ್ ರಕ್ತನಿಧಿಯ ನಿರ್ದೇಶಕರಾಗಿ, ಆ ವರ್ಷವೇ ಹೋವರ್ಡ್ ವಿಶ್ವವಿದ್ಯಾನಿಲಯಕ್ಕೆ ಮರಳಿ, ಕಪ್ಪು ಯುವಕರನ್ನು ಶಸ್ತ್ರವೈದ್ಯರನ್ನಾಗಿ ತಿದ್ದಿದರು.

ರೆಡ್‌ಕ್ರಾಸ್ ಮೊದಲು ಕಪ್ಪು ಜನರ ರಕ್ತವನ್ನು ನಿರಾಕರಿಸಿತು. 1942ರಲ್ಲಿ ಸ್ವೀಕರಿಸಿತಾದರೂ ಬೇರೆಯಾಗಿಯೇ ಇರಿಸಿತು. ಈ ವರ್ಣಭೇದಕ್ಕೆ ಶಾಸ್ತ್ರಾಧಾರವಿಲ್ಲವೆಂದು ಡ್ರೂ ಸಾರಿದರು. 1950ರ ಏಪ್ರಿಲ್ 1ರಂದು ಮೋಟಾರು ಅಪಘಾತದಲ್ಲಿ ತೀರಿಕೊಂಡರು. ಆ ವರ್ಷದ ಕೊನೆಗೆ ರೆಡ್‌ಕ್ರಾಸ್ ಆ ಭೇದವನ್ನು ತೊರೆಯಿತು. ಅದನ್ನು ಕಾಣಲು ಅವರಿರಲಿಲ್ಲ.