ಮುದ್ದಣರನ್ನು ಕೊಂಡೊಯ್ದ ಕ್ಷಯ

ಮುದ್ದಣ ಮನೋರಮೆಯರ ಸಲ್ಲಾಪ ಓದಿ ನಕ್ಕವರು ನಮ್ಮಲ್ಲಿ ಬಹಳ ಮಂದಿ ಇದ್ದೇವೆ. ಅದನ್ನು ಬರೆದ ಕವಿ 31ನೇ ವಯಸ್ಸಿಗೇ ಕ್ಷಯರೋಗದಿಂದ ತೀರಿಕೊಂಡರೆಂದು ನನಗೆ ಗೊತ್ತಾದದ್ದು ಈ ವರ್ಷ.

ಅವರ ನಿಜವಾದ ಹೆಸರು ಲಕ್ಷ್ಮೀನಾರಣಪ್ಪ. 1870ರ ಜನವರಿ 24ರಂದು ಕಾರ್ಕಳದ ಕಡೆಯ ನಂದಳಿಕೆಯಲ್ಲಿ ಹುಟ್ಟಿದರು. ಮನೆಯಲ್ಲಿ ಬಡತನ; ಹೆಚ್ಚು ಓದಲು ಆಗಲಿಲ್ಲ. ವ್ಯಾಯಾಮ ಶಿಕ್ಷಣದ ತರಬೇತಿ ಪಡೆದು ಉಡುಪಿಯಲ್ಲಿ ಡ್ರಿಲ್ ಮಾಸ್ತರರಾದರು. ಶಾಲೆಯ ಕೆಲಸದ ಜೊತೆಗೇ ಹಳಗನ್ನಡ ಕಾವ್ಯಗಳನ್ನು ಅಭ್ಯಾಸ ಮಾಡಿ ‘ಅದ್ಭುತ ರಾಮಾಯಣ’, ‘ಶ್ರೀರಾಮ ಪಟ್ಟಾಭಿಷೇಕ’, ‘ಶ್ರೀರಾಮಾಶ್ವಮೇಧ’ ಬರೆದರು. ಹೆಸರು ಹೇಳಿಕೊಳ್ಳದೆ, ಹಿಂದಿನ ಕಾಲದ ಕವಿಯೊಬ್ಬನ ಕೃತಿಗಳೆಂಬಂತೆ ಮೈಸೂರಿಗೆ ಕಳಿಸಿದರು. 1901ರ ಫೆಬ್ರುವರಿಯಲ್ಲಿ ತೀರಿಕೊಂಡಾಗ ಹೆಂಡತಿಗೆ ಇನ್ನೂ ಚಿಕ್ಕ ವಯಸ್ಸು, ಮಗ ಕೂಸು.

ಮಕ್ಕಳಿಗೆ ವ್ಯಾಯಾಮ ಕಲಿಸುವ ಮಾಸ್ತರರನ್ನೂ ಈ ರೋಗ ಬಿಡಲಿಲ್ಲ. ಅವರು 12 ವರ್ಷದ ಹುಡುಗನಿದ್ದಾಗಲೇ, 1882ರ ಮಾರ್ಚ್ 24ರಂದು, ಜರ್ಮನಿಯ ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ಕಂಡುಹಿಡಿದದ್ದನ್ನು ಜಗತ್ತಿಗೆ ತಿಳಿಸಿದ್ದರು. ಆದರೆ ಅದನ್ನು ಕೊಲ್ಲುವ ಮೊದಲ ಔಷಧಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ಮುದ್ದಣರಿಗೆ ಔಷಧಿಯೇ ಇರಲಿಲ್ಲ.

ನಮಗೆ ಇದೆ. ಯಾದಗಿರಿಯ ಜಿಲ್ಲಾ ಆಸ್ಪತ್ರೆಯಲ್ಲೂ ಶಹಾಪುರ, ಸುರಪುರದ ತಾಲ್ಲೂಕು ಆಸ್ಪತ್ರೆಗಳಲ್ಲೂ ಕಫ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಸಾಮಾನ್ಯ ಟಿ.ಬಿ.ಗೆ 6 ತಿಂಗಳ ಚಿಕಿತ್ಸೆ. ಪೌಷ್ಟಿಕ ಆಹಾರಕ್ಕೆ ಸರ್ಕಾರ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿ 2024ರ ನವೆಂಬರ್‌ನಿಂದ 1000 ಆಗಿದೆ.

ಆದರೂ ತಿಳಿವಳಿಕೆ ಸಾಲದು. ನಮ್ಮ ಓಣಿಯಲ್ಲಿ ಒಬ್ಬರಿಗೆ ಟಿ.ಬಿ. ಬಂದಾಗ ಅವರ ತಾಟು, ಗಿಲಾಸು ಬೇರೆ ಇಟ್ಟರು. ರಾತ್ರಿ ಮಾತ್ರ ಕಿಟಕಿ ಮುಚ್ಚಿದ ಅದೇ ಖೋಲಿಯಲ್ಲಿ ಮಕ್ಕಳನ್ನೂ ಮಲಗಿಸುತ್ತಿದ್ದರು. ಟಿ.ಬಿ. ಹರಡುವುದು ತಾಟಿನಿಂದಲ್ಲ, ಗಾಳಿಯಿಂದ. ರೋಗಿ ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಬೇಕು, ಕಂಡಲ್ಲಿ ಉಗುಳಬಾರದು. ಮನೆಯ ಕಿಟಕಿ ತೆರೆದಿರಬೇಕು.

ರೋಗಿಯ ಜೊತೆ ಇರುವವರೆಲ್ಲ, ಕೆಮ್ಮು ಇಲ್ಲದಿದ್ದರೂ, ತಪಾಸಣೆ ಮಾಡಿಸಿಕೊಳ್ಳಬೇಕು. ರೋಗಾಣು ದೇಹ ಸೇರಿ ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ಏಳಬಹುದು. ರೋಗ ಇಲ್ಲವೆಂದು ಖಚಿತವಾದ ಮೇಲೆ ವೈದ್ಯರು ಅದು ಬಾರದಂತೆ ತಡೆಯುವ ಮಾತ್ರೆ ಕೊಡುತ್ತಾರೆ. 5 ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ತಡ ಮಾಡಲೇಬಾರದು. 2 ವಾರ ದಾಟಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಕಂಡರೆ ಕೂಡಲೇ ತೋರಿಸಬೇಕು.

ದುಡಿಯಲು ಬೆಂಗಳೂರು, ಮುಂಬೈ, ಪುಣೆಗೆ ಹೋಗುವವರು ಮಾತ್ರೆ ನಡುವೆ ಬಿಡುವ ಅಪಾಯವಿದೆ. ಬಿಟ್ಟರೆ ರೋಗ ಔಷಧಿಗೆ ಬಗ್ಗದಂತಾಗುತ್ತದೆ. ಹೋಗುವ ಮೊದಲು ಆಸ್ಪತ್ರೆಯಲ್ಲಿ ಹೇಳಿದರೆ ಹೋದ ಊರಿನಲ್ಲೇ ಮಾತ್ರೆ ಸಿಗುವ ಏರ್ಪಾಡಾಗುತ್ತದೆ.

ಮುದ್ದಣರು ತಮ್ಮ ಹೆಸರು ಮುಚ್ಚಿಟ್ಟರು. ಅದರಿಂದ ಯಾರಿಗೂ ಕೇಡಾಗಲಿಲ್ಲ. ರೋಗವನ್ನು ಮುಚ್ಚಿಟ್ಟರೆ ಮನೆಮಂದಿಗೆಲ್ಲ ಕೇಡು. ಗೆಳೆಯರೆ, ನಿಮ್ಮ ಮನೆಯಲ್ಲೋ ಓಣಿಯಲ್ಲೋ ಕೆಮ್ಮುವವರಿದ್ದರೆ ಈ ವಾರವೇ ಆಶಾ ಕಾರ್ಯಕರ್ತೆಗೆ ತಿಳಿಸಿ.