ಎಲೆಯ ವಿಟಮಿನ್, ಕ್ಯಾನ್ಸರಿಗೆ ಮದ್ದು

ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಅರ್ಜಿ ಹಿಡಿದು ಬರುವ ಗೆಳೆಯರಿಗೆ ಪದವಿಯ ತೂಕದ್ದೇ ಚಿಂತೆ. ಬಿಇ ಓದುತ್ತಿರುವ ನನಗೂ ಆ ಅಳುಕಿದೆ. ಆಗೆಲ್ಲ ನನಗೆ ನೆನಪಾಗುವವರು ಯಲ್ಲಾಪ್ರಗಡ ಸುಬ್ಬರಾವ್.

1895ರಲ್ಲಿ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಅವರು ಮದ್ರಾಸಿನಲ್ಲಿ ವೈದ್ಯಕೀಯ ಓದುವಾಗ ಗಾಂಧೀಜಿ ಕರೆಗೆ ಓಗೊಟ್ಟು ಖಾದಿ ತೊಟ್ಟರು. ಬ್ರಿಟಿಷ್ ಪ್ರಾಧ್ಯಾಪಕರು ಮುನಿದರು. ಎಂಬಿಬಿಎಸ್ ಬದಲು ಅದಕ್ಕಿಂತ ಕೆಳಗಿನ ಎಲ್‌ಎಂಎಸ್ ಸಿಕ್ಕಿತು. ಅಮೆರಿಕಕ್ಕೆ ಹೋಗಿ, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ದುಡಿದು ಓದಿದರು. ಹಾರ್ವರ್ಡ್‌ನಲ್ಲಿ ಕಾಯಂ ಹುದ್ದೆ ಸಿಗದೆ 1940ರಲ್ಲಿ ಲೆಡರ್ಲೆ ಔಷಧ ಕಂಪನಿ ಸೇರಿದರು.

1941ರಲ್ಲಿ ಬೇರೆ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದ್ದ ಫೋಲಿಕ್ ಆಮ್ಲವನ್ನು ಸುಬ್ಬರಾವ್ ತಂಡ ಪ್ರಯೋಗಾಲಯದಲ್ಲೇ ತಯಾರಿಸಿತು. ಜೀವಕೋಶಗಳು ಹೆಚ್ಚಲು ಈ ವಿಟಮಿನ್ ಬೇಕೇ ಬೇಕು. ಅದರ ಅಣುವಿನ ಒಂದು ಹೈಡ್ರಾಕ್ಸಿಲ್ ಗುಂಪಿನ ಜಾಗದಲ್ಲಿ ಅಮೈನೋ ಗುಂಪು ಕೂರಿಸಿದಾಗ ಅಮೈನಾಪ್ಟೆರಿನ್ ಆಯಿತು. ಇದನ್ನು ವಿಟಮಿನ್ ಎಂದೇ ಒಳಗೆ ಬಿಟ್ಟುಕೊಳ್ಳುವ ಕ್ಯಾನ್ಸರ್ ಕೋಶ ಮುಂದೆ ಡಿಎನ್‌ಎ ಕಟ್ಟಲಾಗದೆ ಸೊರಗುತ್ತದೆ. ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ರಕ್ತಕ್ಯಾನ್ಸರಿನ 16 ಮಕ್ಕಳಿಗೆ ಇದನ್ನು ಕೊಟ್ಟರು; 10 ಮಕ್ಕಳು ಕೆಲಕಾಲ ಚೇತರಿಸಿಕೊಂಡರೆಂದು 1948ರಲ್ಲಿ ವರದಿ ಮಾಡಿದರು.

ಅದೇ ಆಗಸ್ಟ್‌ನಲ್ಲಿ ಸುಬ್ಬರಾವ್ ತೀರಿಕೊಂಡರು, ವಯಸ್ಸು 53. ಅದೇ ಬಗೆಯ ಮೆಥೊಟ್ರೆಕ್ಸೇಟ್ ಇಂದಿಗೂ ಮಕ್ಕಳ ಜೀವ ಉಳಿಸುತ್ತಿದೆ. ಅದನ್ನು ಪಡೆಯುವ ಯಾರೂ ಅವರ ಪದವಿ ಯಾವುದೆಂದು ಕೇಳುವುದಿಲ್ಲ.